ವಂದಿಸಿದವರ ಹೆಸರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ – ಈ ಮೂರೂ ಊರಿನವರಿಗೆ ದಿನಪತ್ರಿಕೆ ಎಂದರೆ ಬಸ್ಸಿನಲ್ಲಿ ಬರುವ ಸಾಮಾನು. ಮಂಗಳೂರಿನಿಂದ ಮೀನೂ ಬರುತ್ತಿತ್ತು, ಪೇಪರೂ ಬರುತ್ತಿತ್ತು. ಎರಡನ್ನೂ ಇವತ್ತಿನದ್ದೋ ನಿನ್ನೆಯದ್ದೋ ಎಂದು ನೋಡಿಯೇ ತೆಗೆದುಕೊಳ್ಳುವವರಿದ್ದರು. ಬೆಳಿಗ್ಗೆ ಯಾರಾದರೂ "ಪೇಪರ್ ಬಂತಾ?" ಎಂದು ಕೇಳಿದರೆ "ಬಸ್ಸೇ ಬರಲಿಲ್ಲ ಮಾರಾಯ್ರೆ" ಎಂಬ ಉತ್ತರ ತಯಾರಿರುತ್ತಿತ್ತು. ಪತ್ರಿಕೆ ಅಚ್ಚಾಗುವುದು ಮಂಗಳೂರಿನಲ್ಲಿ, 1970ರಿಂದ ಈಚೆಗೆ ಮಣಿಪಾಲದಲ್ಲೂ. ಅದು ನಮ್ಮ ಊರಿನ ಪೇಪರು ಅನ್ನಿಸಿಕೊಂಡದ್ದು ಹೇಗೆ ಎಂದು ಕೇಳಿದರೆ ಮಾತ್ರ ಸ್ವಲ್ಪ ಸುತ್ತು ಹೊಡೆದೇ ಹೇಳಬೇಕಾಗುತ್ತದೆ.

ಬಂಟ್ವಾಳದ ಕಟ್ಟು ಬಿ.ಸಿ. ರೋಡಿನಲ್ಲಿ ಇಳಿಯುತ್ತಿತ್ತು. ನೇತ್ರಾವತಿಯಲ್ಲಿ ದೋಣಿ ಓಡಾಡುತ್ತಿದ್ದ ಕಾಲಕ್ಕೆ ಬಂಟ್ವಾಳ ಪೇಟೆಯೇ ದೊಡ್ಡದು. ಘಟ್ಟದ ಮೇಲಿನ ಕಾಫಿ ಅಲ್ಲಿಗೆ ಬಂದು ದೋಣಿ ಹತ್ತುತ್ತಿತ್ತು. ರಸ್ತೆ ಬಂದ ಮೇಲೆ ಹೊಳೆಯ ಬದಿಯ ಪೇಟೆ ಹಿಂದೆ ಸರಿದು, ಬಂಟ್ವಾಳಕ್ಕೆ ತಿರುಗುವ ಕ್ರಾಸೇ ಊರಾಗಿ ಬೆಳೆಯಿತು. ಹಾಗಾಗಿ ಬಂಟ್ವಾಳ ಪೇಟೆಯ ಹಿರಿಯರಿಗೆ ತಮ್ಮ ಪೇಪರು ಮೊದಲು ಬಿ.ಸಿ. ರೋಡಿನವರ ಕೈಗೆ ಸಿಗುವುದು ಒಂದು ಸಣ್ಣ ಅವಮಾನವೇ. ಬೆಳ್ತಂಗಡಿಗೆ ಇನ್ನೂ ತಡ. ಅಲ್ಲಿಂದ ಉಜಿರೆ ದಾಟಿ ಚಾರ್ಮಾಡಿ ಕಡೆಗೋ, ಈಚೆ ನಾರಾವಿ ಕಡೆಗೋ ಹೋಗುವ ಪ್ರತಿಗಳು ಗಂಜಿ ಊಟದ ಹೊತ್ತಿಗೆ ತಲುಪಿದರೆ ಪುಣ್ಯ. ಮೂಡುಬಿದಿರೆಯವರದ್ದು ಬೇರೆಯೇ ಗತ್ತು. ಅವರಿಗೆ ಮಂಗಳೂರಿನ ಪೇಪರು ಗುರುಪುರದ ದಾರಿಯಲ್ಲಿ, ಮಣಿಪಾಲದ್ದು ಕಾರ್ಕಳದ ದಾರಿಯಲ್ಲಿ, ಎರಡೂ ಕಡೆಯಿಂದ ಬರುತ್ತಿತ್ತು. ಒಂದರಲ್ಲಿ ತಪ್ಪಿದ ಸುದ್ದಿ ಇನ್ನೊಂದರಲ್ಲಿ ಇದೆಯೇ ಎಂದು ತಾಳೆ ನೋಡುವ ಸುಖ ಬೆಳ್ತಂಗಡಿಯವರಿಗೆ ಇರಲಿಲ್ಲ.

ಏಜೆಂಟರು ಕಟ್ಟು ಬಿಚ್ಚುವುದು ಒಂದು ನೋಟ. ಬಸ್ಸಿನ ಟಾಪಿನಿಂದ ಕ್ಲೀನರ್ ಎತ್ತಿ ಹಾಕಿದ ಕಟ್ಟು ಅಂಗಡಿಯ ಜಗಲಿಗೆ ಬೀಳುತ್ತಿತ್ತು. ಸೆಣಬಿನ ಹುರಿಯನ್ನು ಏಜೆಂಟರು ಕತ್ತರಿಸುತ್ತಿರಲಿಲ್ಲ, ಗಂಟು ಬಿಚ್ಚಿ ಸುತ್ತಿ ಮೇಜಿನ ಡ್ರಾಯರಿನಲ್ಲಿ ಹಾಕುತ್ತಿದ್ದರು. ಬಾಳೆಗೊನೆ ಕಟ್ಟಲಿಕ್ಕೆ ಅದೇ ಆಗಬೇಕಲ್ಲ. ಮೇಲಿನ ಮತ್ತು ಕೆಳಗಿನ ಪ್ರತಿಗಳಿಗೆ ಹುರಿ ಬಿಗಿದು ಅಂಚು ಹರಿದಿರುತ್ತಿತ್ತು. ಮಳೆಗಾಲದಲ್ಲಿ ಮೇಲಿನದ್ದು ಒದ್ದೆ. ಈ ಹರಿದ ಪ್ರತಿ ಯಾರ ಪಾಲಿಗೆ ಎನ್ನುವುದರಲ್ಲಿ ಊರಿನ ಅಂತಸ್ತಿನ ಲೆಕ್ಕ ಇತ್ತು. ಡಾಕ್ಟರಿಗೆ, ವಕೀಲರಿಗೆ, ದೇವಸ್ಥಾನದ ಮೊಕ್ತೇಸರರಿಗೆ ನಡುವಿನ ಗರಿಗರಿ ಪ್ರತಿ. ಮೇಲಿನದ್ದು ಸೆಲೂನಿಗೆ, ಕೆಳಗಿನದ್ದು ಹೋಟೆಲಿಗೆ. ಸೆಲೂನಿನವರು ಒಂದು ದಿನವೂ ತಕರಾರು ಮಾಡಿದವರಲ್ಲ. ಅವರಿಗೆ ಗೊತ್ತಿತ್ತು: ಡಾಕ್ಟರ ಮನೆಯ ಪೇಪರನ್ನು ಡಾಕ್ಟರೊಬ್ಬರೇ ಓದುತ್ತಾರೆ, ಸೆಲೂನಿನ ಪೇಪರನ್ನು ಊರೇ ಓದುತ್ತದೆ.

ನಮ್ಮಜ್ಜನಿಗೆ ಎಲ್ಲ ಪೇಪರುಗಳೂ 'ನವಭಾರತ'ವೇ. ಮಣಿಪಾಲದ 'ಉದಯವಾಣಿ'ಯನ್ನು ಕೈಯಲ್ಲಿ ಹಿಡಿದುಕೊಂಡೇ "ನವಭಾರತದಲ್ಲಿ ಎಂತ ಬಂದಿದೆ ನೋಡು" ಎನ್ನುತ್ತಿದ್ದರು. ನಲವತ್ತರ ದಶಕದಲ್ಲಿ ಮಂಗಳೂರಿನಲ್ಲಿ ಆ ಪತ್ರಿಕೆಯನ್ನು ಶುರು ಮಾಡಿದ ವಿ.ಎಸ್. ಕುಡ್ವರು ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿಯೂ ಒಬ್ಬರು. ಜನರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಸಂಗ್ರಹಿಸಿದ ಬ್ಯಾಂಕು ಅದು. ದಿನದಿನವೂ ಸ್ವಲ್ಪ ಸ್ವಲ್ಪವೇ ಮನೆಬಾಗಿಲು ಮುಟ್ಟುವ ಎರಡು ಕಸುಬಿಗೂ ಒಬ್ಬರೇ ಕೈ ಹಾಕಿದ್ದು ನನಗಂತೂ ಆಕಸ್ಮಿಕ ಅನ್ನಿಸುವುದಿಲ್ಲ. ನವಭಾರತ ನಿಂತು ಹೋಯಿತು. 1970ರ ಜನವರಿ 1ರಂದು ಉದಯವಾಣಿ ಬಂತು. ಅದರ ಅಚ್ಚಿನ ಚಂದ ನೋಡಿ ಜನ ಬೆರಗಾದದ್ದು ಹೌದು, ಅಜ್ಜನೂ ಬೆರಗಾದರು, ಆದರೆ ಹೆಸರು ಮಾತ್ರ ಬದಲಾಯಿಸಲಿಲ್ಲ.

ಪತ್ರಿಕೆಯ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಜಂಬ ಉಂಟು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ, ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟದ್ದು 1843ರ ಜುಲೈ 1ರಂದು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅದು ಮರುವರ್ಷವೇ ಬಳ್ಳಾರಿಗೆ ಹೋಯಿತು, ಹೆಸರೂ 'ಕನ್ನಡ ಸಮಾಚಾರ' ಎಂದಾಯಿತು. ಪ್ರತಿ ವರ್ಷ ಜುಲೈ 1 ಬಂದರೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಪತ್ರಿಕಾ ದಿನಾಚರಣೆ, ಹಿರಿಯ ವರದಿಗಾರರೊಬ್ಬರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನನಗೆ ಆ ದಿನ ನೆನಪಾಗುವುದು ಬೇರೆಯೇ ಒಂದು ಸಂಗತಿ. 1837ರ ಏಪ್ರಿಲಿನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಗೆಯವರು ಸುಳ್ಯ, ಪುತ್ತೂರು, ಬಂಟ್ವಾಳದ ದಾರಿಯಾಗಿ ಹೋಗಿ ಮಂಗಳೂರನ್ನೇ ಹಿಡಿದುಕೊಂಡರು. ಕಂಪೆನಿ ಸರಕಾರವನ್ನು ಓಡಿಸಿದ ಅಷ್ಟು ದೊಡ್ಡ ಸುದ್ದಿ ಬಂಟ್ವಾಳದ ಬೀದಿಯಲ್ಲೇ ನಡೆದುಕೊಂಡು ಹೋಯಿತು. ಅದನ್ನು ಅಚ್ಚು ಹಾಕಲು ಪತ್ರಿಕೆಯೇ ಹುಟ್ಟಿರಲಿಲ್ಲ, ಆರು ವರ್ಷ ತಡವಾಯಿತು. ಬಂಟ್ವಾಳದವರಿಗೆ ಪೇಪರು ತಡವಾಗಿ ಬರುವುದು ಅಂದಿನಿಂದಲೇ ಅಭ್ಯಾಸ ಎಂದು ತಮಾಷೆ ಮಾಡುವವರು ಉಂಟು.

ಪತ್ರಿಕೆ ಅಚ್ಚಾಗುವುದು ಎಲ್ಲೋ ಆದರೂ ಬರೆಯುವವರು ನಮ್ಮ ಕಡೆಯಿಂದ ಹೋಗುತ್ತಿದ್ದರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮೊದಮೊದಲ ಕತೆಗಳು ಬೆನಗಲ್ ರಾಮರಾಯರ 'ಸುವಾಸಿನಿ'ಯಲ್ಲಿ ಬಂದವು. ಪೆರುವಾಯಿಯ ಕಡೆಂಗೋಡ್ಲು ಶಂಕರ ಭಟ್ಟರು ಮಂಗಳೂರಿಗೆ ಹೋಗಿ 'ರಾಷ್ಟ್ರಬಂಧು' ವಾರಪತ್ರಿಕೆಯನ್ನು ಬಹುಕಾಲ ನಡೆಸಿದರು. ಕವಿಯಾಗಿ ಅವರನ್ನು ಓದಿದವರು ಸಂಪಾದಕೀಯ ಬರೆದವರೂ ಅವರೇ ಎಂಬುದನ್ನು ಮರೆಯುತ್ತಾರೆ. ಇವರೆಲ್ಲ ಚರಿತ್ರೆಯಲ್ಲಿ ಇದ್ದಾರೆ, ಇರಲಿ. ನಾನು ಹೇಳಹೊರಟದ್ದು ಚರಿತ್ರೆಯಲ್ಲಿ ಇಲ್ಲದವರ ಬಗ್ಗೆ.

ಊರಿನವರನ್ನು ಕೂರಿಸಿ ಹಳೆಯ ಪೇಪರಿನ ಬಗ್ಗೆ ಏನು ನೆನಪಿದೆ ಎಂದು ಕೇಳಿ ನೋಡಿ. ಪ್ರಧಾನಿ ಸತ್ತದ್ದು, ಯುದ್ಧ ಆದದ್ದು ಯಾರೂ ಮೊದಲು ಹೇಳುವುದಿಲ್ಲ. ಅದನ್ನು ಅವರು ರೇಡಿಯೋದಲ್ಲೇ ಕೇಳಿಯಾಗಿತ್ತು. ಹೇಳುವುದು ಅತ್ಯಂತ ಸಣ್ಣ ಅಕ್ಷರದಲ್ಲಿ ಬಂದದ್ದನ್ನು. ಉದಾಹರಣೆಗೆ ಎಸ್ಸೆಸ್ಸೆಲ್ಸಿ ಫಲಿತಾಂಶ. ರಿಜಿಸ್ಟರ್ ನಂಬರುಗಳು ಪೇಪರಿನಲ್ಲಿ ಸಾಲುಸಾಲಾಗಿ ಬರುತ್ತಿದ್ದವು. ಆ ದಿನ ಏಜೆಂಟರ ಅಂಗಡಿಯ ಮುಂದೆ ಜಾತ್ರೆ. ಹುಡುಗ ಹಿಂದೆ ನಿಂತಿರುತ್ತಾನೆ, ಅವನ ಮಾವ ಬೆರಳಿಟ್ಟು ಹುಡುಕುತ್ತಾನೆ. ನಂಬರು ಇದ್ದರೆ ಅಲ್ಲಿಯೇ ಹೋಟೆಲಿನಲ್ಲಿ ಗೋಳಿಬಜೆ. ಇಲ್ಲದಿದ್ದರೆ ಮಾವ ಇನ್ನೊಂದು ಪತ್ರಿಕೆ ತರಿಸುತ್ತಾನೆ, ಅಲ್ಲೂ ಇಲ್ಲದಿದ್ದರೆ "ಅಚ್ಚಿನ ತಪ್ಪು ಇರಬಹುದು, ಶಾಲೆಗೇ ಹೋಗಿ ನೋಡುವ" ಎನ್ನುತ್ತಾನೆ. ಅಚ್ಚುಮೊಳೆ ಜೋಡಿಸುವವರ ಮೇಲೆ ಊರಿಗೆ ಅಷ್ಟು ಭರವಸೆ ಇದ್ದದ್ದು ಅದೊಂದು ದಿನ ಮಾತ್ರ.

ಅಡಿಕೆ ಧಾರಣೆಯದ್ದು ನಿತ್ಯದ ಓದು. 1973ರಲ್ಲಿ ಕ್ಯಾಂಪ್ಕೋ ಹುಟ್ಟಿತಲ್ಲ, ಅದರ ಹಿಂದೆ ನಿಂತ ವಾರಣಾಶಿ ಸುಬ್ರಾಯ ಭಟ್ಟರು ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದವರು. ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಕಾಲ ಅದು. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು – ಈ ಸಾಲುಗಳನ್ನು ಓದಲಿಕ್ಕೆಂದೇ ಅಕ್ಷರ ಕಲಿತವರು ನಮ್ಮ ಕಡೆ ಇದ್ದಾರೆ ಎಂದರೆ ಉತ್ಪ್ರೇಕ್ಷೆ ಅಲ್ಲ. ನಮ್ಮ ಪಕ್ಕದ ತೋಟದವರು ಕನ್ನಡಕ ಇಲ್ಲದೆ ಮುಖಪುಟದ ದಪ್ಪಕ್ಷರ ಕಾಣುವುದಿಲ್ಲ ಎನ್ನುತ್ತಿದ್ದರು, ಧಾರಣೆಯನ್ನು ಮಾತ್ರ ಕನ್ನಡಕ ಇಲ್ಲದೆಯೇ ಓದುತ್ತಿದ್ದರು.

ನಿಧನದ ಅಂಕಣ ಹಿರಿಯರ ಪಾಲು. ದೊಡ್ಡಪ್ಪ ಪೇಪರು ಕೈಗೆ ಬಂದ ಕೂಡಲೇ ಒಳಪುಟ ಬಿಡಿಸಿ ಅಲ್ಲಿಗೇ ಹೋಗುತ್ತಿದ್ದರು. ಸತ್ತವರ ವಯಸ್ಸು ತನಗಿಂತ ಕಡಿಮೆ ಇದ್ದರೆ "ಪಾಪ" ಎನ್ನುತ್ತಿದ್ದರು, ಹೆಚ್ಚಿದ್ದರೆ ಏನೂ ಹೇಳದೆ ಪುಟ ತಿರುಗಿಸುತ್ತಿದ್ದರು. ಅದರ ಪಕ್ಕದಲ್ಲೇ ಇವತ್ತು ಎಲ್ಲಿ ಯಕ್ಷಗಾನದ ಆಟ ಎಂಬ ಪಟ್ಟಿ. ಕಟೀಲು ಮೇಳ ಎಲ್ಲಿ, ಧರ್ಮಸ್ಥಳ ಮೇಳ ಎಲ್ಲಿ. ಬೊಜ್ಜ, ಅಂದರೆ ಸತ್ತವರ ಉತ್ತರಕ್ರಿಯೆ, ಮತ್ತು ಬಯಲಾಟ ಎರಡನ್ನೂ ಒಂದೇ ನೋಟದಲ್ಲಿ ಗೊತ್ತುಮಾಡಿಕೊಂಡು ದಿನದ ಕಾರ್ಯಕ್ರಮ ಹಾಕಿಕೊಳ್ಳುವುದು ಅವರ ಕ್ರಮ. ಎರಡೂ ಒಂದೇ ದಾರಿಯಲ್ಲಿ ಬಿದ್ದರೆ ಅವರಿಗೆ ಖುಷಿಯೋ ಖುಷಿ.

ಆದರೆ ಇವೆಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, ಇವೆಲ್ಲಕ್ಕಿಂತ ಗಮನವಿಟ್ಟು ಓದಿಸಿಕೊಂಡದ್ದು ಕಂಬಳದ ಫಲಿತಾಂಶ. ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳ, ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿ, ಬೆಳ್ತಂಗಡಿ ತಾಲ್ಲೂಕಿನ ವೇಣೂರು – ಮೂರು ಊರಿಗೂ ತಮ್ಮದೆಂದು ಹೇಳಿಕೊಳ್ಳಲು ಕೋಣ ಓಡಿಸುವ ಒಂದೊಂದು ಕರೆ ಇದೆ. ಫಲಿತಾಂಶಕ್ಕೆ ಒಂದು ವ್ಯಾಕರಣ ಉಂಟು. ಕನೆಹಲಗೆಯಲ್ಲಿ ನೀರು ನಿಶಾನೆಗೆ ಚಿಮ್ಮಿಸಿದವರು ಮೊದಲು. ಆಮೇಲೆ ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಪ್ರತಿ ವಿಭಾಗಕ್ಕೂ ಪ್ರಥಮ, ದ್ವಿತೀಯ. ಮೊದಲು ಕೋಣದ ಯಜಮಾನರ ಹೆಸರು ಮನೆತನದ ಸಮೇತ, ಆಮೇಲೆ 'ಓಡಿಸಿದವರು' ಎಂದು ಕೋಣ ಓಡಿಸಿದವನ ಹೆಸರು. ಒಬ್ಬರದ್ದೇ ಎರಡು ಜೊತೆ ಓಡಿದ್ದರೆ 'ಎ', 'ಬಿ' ಎಂದು ಗುರುತು. ಇಷ್ಟೂ ಒಂದು ಕಾಲಂ ಅಗಲದಲ್ಲಿ ಗೇಣುದ್ದಕ್ಕೆ ಬರುತ್ತಿತ್ತು. ಘಟ್ಟದ ಮೇಲಿನವರಿಗೆ ಇದನ್ನು ಕೊಟ್ಟರೆ ಒಂದಕ್ಷರ ಅರ್ಥವಾಗುವುದಿಲ್ಲ. ನಮ್ಮಲ್ಲಿ ಇದನ್ನು ಗಟ್ಟಿಯಾಗಿ ಓದಿಸಿ ಕೇಳುವವರಿದ್ದರು. ಗುತ್ತಿನ ಮನೆಯ ಯಜಮಾನರ ಹೆಸರಿನ ಕೆಳಗೇ ಅವರ ಗದ್ದೆಯಲ್ಲಿ ದುಡಿಯುವ ಹುಡುಗನ ಹೆಸರು ಅಷ್ಟೇ ದಪ್ಪದ ಅಕ್ಷರದಲ್ಲಿ ಬರುತ್ತಿದ್ದ ಜಾಗ ನಮ್ಮೂರಿನಲ್ಲಿ ಬೇರೆ ಇರಲಿಲ್ಲ. ಆ ಹುಡುಗನ ತಾಯಿಗೆ ಓದಲು ಬರದಿದ್ದರೂ ಆ ತುಂಡು ಮಾತ್ರ ಸೆರಗಿನ ಗಂಟಿನಲ್ಲಿ ಇರುತ್ತಿತ್ತು.

2020ರಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರು ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಲೆಕ್ಕ ಹಾಕಿ 9.55 ಎಂದು ತೆಗೆದು, ಉಸೇನ್ ಬೋಲ್ಟರ 9.58ರ ಪಕ್ಕದಲ್ಲಿ ಇಟ್ಟು ಬಿಟ್ಟರು. ಜಗತ್ತಿನ ಪತ್ರಿಕೆಗಳೆಲ್ಲ ಮೂಡುಬಿದಿರೆಯ ಹೆಸರು ತಪ್ಪುತಪ್ಪಾಗಿ ಬರೆದವು. ಕೋಣ ಎಳೆದುಕೊಂಡು ಹೋಗುವ ಓಟಕ್ಕೂ ಟ್ರ್ಯಾಕಿನ ಓಟಕ್ಕೂ ಹೋಲಿಕೆ ಸಲ್ಲದು ಎಂದು ಗೌಡರು ತಿಳಿದವರ ಹಾಗೆ ದೂರ ನಿಂತರು. ನನಗೆ ಮೆಚ್ಚಿಗೆಯಾದದ್ದು ಅದು. ಅಷ್ಟೆಲ್ಲ ಗದ್ದಲದಲ್ಲಿ ಯಾರೂ ಕೋಣಗಳ ಯಜಮಾನರು ಯಾರು, ವಿಭಾಗ ಯಾವುದು ಎಂದು ಕೇಳಲಿಲ್ಲ. ಊರಿನ ಪೇಪರು ಮೊದಲು ಹೇಳುವುದೇ ಅದನ್ನು.

ಈ ಹೆಸರುಗಳನ್ನೆಲ್ಲ ಬರೆದು ಕಳುಹಿಸಿದವರು ಯಾರು? ಅರೆಕಾಲಿಕ ವರದಿಗಾರರು. ಪೂರ್ತಿ ಕಾಲ ಅವರು ಶಾಲೆಯ ಮಾಸ್ತರರು, ಅಂಗಡಿಯವರು, ಎಲ್ಲೈಸಿ ಏಜೆಂಟರು, ಕೆಲವೊಮ್ಮೆ ಪೇಪರಿನ ಏಜೆಂಟರೇ. ಹಾಳೆಯ ಒಂದೇ ಮಗ್ಗುಲಿನಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಬರೆಯಬೇಕು, ಲಕೋಟೆಯ ಮೇಲೆ 'ಸುದ್ದಿ – ತುರ್ತು' ಎಂದು ಬರೆದು ಮಂಗಳೂರಿಗೆ ಹೋಗುವ ಸಂಜೆಯ ಬಸ್ಸಿನ ಕಂಡಕ್ಟರರ ಕೈಗೆ ಕೊಡಬೇಕು. ಕಂಡಕ್ಟರರು ಅದನ್ನು ಟಿಕೆಟ್ ಪುಸ್ತಕದ ಅಡಿಯಲ್ಲಿ ಇಟ್ಟುಕೊಂಡು ಹೋಗಿ ಮುಟ್ಟಿಸುತ್ತಿದ್ದರು. ಅದಕ್ಕೆ ಅವರು ಬಯಸುತ್ತಿದ್ದ ಪ್ರತಿಫಲ ಒಂದೇ: ಮಗಳ ಮದುವೆಯ ಸುದ್ದಿಯೋ, ಬಸ್ಸು ನೌಕರರ ಸಂಘದ ವಾರ್ಷಿಕೋತ್ಸವವೋ ಒಂದು ಸಲ ಬರಬೇಕು. ಬರುತ್ತಿತ್ತು. ಸಂಭಾವನೆ ಅಚ್ಚಾದ ಕಾಲಮಿನ ಉದ್ದ ಅಳೆದು ಕೊಡುವ ಪದ್ಧತಿ ಇದ್ದದ್ದರಿಂದ ನಮ್ಮ ಪರಿಚಯದ ವರದಿಗಾರರೊಬ್ಬರು ತಿಂಗಳ ಕೊನೆಯಲ್ಲಿ ಹೆಂಡತಿಯ ಹೊಲಿಗೆಯ ಟೇಪು ಹಿಡಿದು ಕತ್ತರಿಸಿದ ತುಂಡುಗಳನ್ನು ಅಳೆಯುತ್ತ ಕೂರುತ್ತಿದ್ದರು. ಟೇಪಿಗೆ ಆದ ಸವಕಳಿಗೂ ಅವರಿಗೆ ಬಂದ ಹಣಕ್ಕೂ ಸರಿಹೋಗುತ್ತಿತ್ತು ಎಂದು ಅವರ ಮನೆಯವರ ಅಂಬೋಣ.

ಸಭೆಯ ವರದಿ ಬರೆಯುವುದೆಂದರೆ ನಾಜೂಕಿನ ಕೆಲಸ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ವೇದಿಕೆಯಲ್ಲಿ ಉಪಸ್ಥಿತರಿದ್ದವರು, ಸ್ವಾಗತಿಸಿದವರು, ಪ್ರಾಸ್ತಾವಿಕ ಮಾತನಾಡಿದವರು, ನಿರೂಪಿಸಿದವರು, ಕೊನೆಗೆ ವಂದಿಸಿದವರು. ಈ ಪಟ್ಟಿ ಹನುಮಂತನ ಬಾಲ. ಸಂಪಾದಕರ ಕತ್ತರಿ ಸಹಜವಾಗಿಯೇ ಬಾಲದ ತುದಿಯಿಂದ ಶುರುವಾಗುತ್ತದೆ. ಹಾಗಾಗಿ ಮಂತ್ರಿ ಬಂದು ಹೇಳಿದ ಮಾತು ಬರುತ್ತದೆ, ವಂದಿಸಿದವರ ಹೆಸರು ಹೋಗುತ್ತದೆ. ಮಂತ್ರಿಗೆ ಆ ಸುದ್ದಿ ಬಂದರೂ ಒಂದೇ ಬಾರದಿದ್ದರೂ ಒಂದೇ. ವಂದಿಸಿದವರೋ, ಯುವಕ ಮಂಡಲದ ಜೊತೆ ಕಾರ್ಯದರ್ಶಿ, ಚಪ್ಪರಕ್ಕೆ ಮಡಲು ತಂದವರು, ಕುರ್ಚಿ ಹೊತ್ತವರು, ಮೈಕಿನವರಿಗೆ ಕೈಯಿಂದ ಮುಂಗಡ ಕೊಟ್ಟವರು. ಮರುದಿನ ಬೆಳಿಗ್ಗೆ ಸೆಲೂನಿನಲ್ಲಿ ಅವರು ವರದಿಯನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾರೆ. ಹೆಸರಿಲ್ಲ. ಸಂಜೆ ವರದಿಗಾರರನ್ನು ಬಸ್ಸು ನಿಲ್ದಾಣದಲ್ಲಿ ಹಿಡಿಯುತ್ತಾರೆ: "ಎಂತ ಮಾಸ್ಟ್ರೇ, ನಮ್ಮನ್ನು ಬಿಟ್ಟೇ ಬಿಟ್ಟಿರಲ್ಲ?" "ನಾನು ಬರೆದಿದ್ದೆ ಮಾರಾಯ, ಮೇಲೆ ಕಟ್ ಮಾಡಿದ್ದು." ಆ 'ಮೇಲೆ' ಎಂಬ ಜಾಗ ಮಂಗಳೂರಿನಲ್ಲಿದೆಯೋ ಮಣಿಪಾಲದಲ್ಲಿದೆಯೋ ದೇವರಿಗೇ ಗೊತ್ತು, ಊರಿನ ಜಗಳಗಳನ್ನೆಲ್ಲ ಅದು ಹೊಟ್ಟೆಗೆ ಹಾಕಿಕೊಂಡಿತು. ಪತ್ರಿಕೋದ್ಯಮದ ತರಗತಿಗಳು ಈಗ ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ಕಾಲೇಜಿನಲ್ಲಿ ನಡೆಯುತ್ತವೆ. ಯಾರು, ಏನು, ಎಲ್ಲಿ, ಯಾವಾಗ ಎಂದು ಕಲಿಸುತ್ತಾರೆ. ವಂದಿಸಿದವರು ಯಾರು ಎಂಬ ಪ್ರಶ್ನೆ ಪಠ್ಯದಲ್ಲಿ ಇದ್ದಂತಿಲ್ಲ, ಸೇರಿಸಬಹುದು.

1974ರ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯೊಳಗೆ ಬಂತು. ಅದಕ್ಕೆ ಮೊದಲು 1923ರ ಮಾರಿನೆರೆ. ನೆರೆಗೆ ತುಳುವಿನಲ್ಲಿ ಬೊಳ್ಳ ಎನ್ನುವ ನಮ್ಮ ಹಿರಿಯರು ಕಾಲವನ್ನು 'ಬೊಳ್ಳದ ಮೊದಲು, ಬೊಳ್ಳದ ಮೇಲೆ' ಎಂದೇ ಎಣಿಸುತ್ತಿದ್ದರು. ನೆರೆಯ ಸುದ್ದಿ ದಪ್ಪಕ್ಷರದಲ್ಲಿ ಬಂದ ಪೇಪರು ನೆರೆಗೆ ಸಿಕ್ಕಿದವರಿಗೆ ತಲುಪಲಿಲ್ಲ. ರಸ್ತೆಯೇ ಇಲ್ಲದ ಮೇಲೆ ಬಸ್ಸು ಎಲ್ಲಿಯದು? ನೀರು ಇಳಿದು ಅಂಗಡಿಯ ಕೆಸರು ಎತ್ತಿದ ಮೇಲೆ ಹಳೆಯ ಪೇಪರು ಹುಡುಕಿ ತಂದು, ತಾವು ಎಷ್ಟು ದೊಡ್ಡ ಅಪಾಯದಲ್ಲಿದ್ದೆವು ಎಂದು ಓದಿ ತಿಳಿದುಕೊಂಡರು. 2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ, ದಿಡುಪೆ, ಕುಕ್ಕಾವು ಕಡೆ ಗುಡ್ಡ ಕುಸಿದು ಹೊಳೆ ತೋಟದ ಮೇಲೆಯೇ ಹರಿದಾಗ ಎಲ್ಲ ತಿರುವುಮುರುವು. ಸೇತುವೆ ಕೊಚ್ಚಿಹೋಗುವುದನ್ನು ಅಲ್ಲಿಯವರೇ ಮೊಬೈಲಿನಲ್ಲಿ ಹಿಡಿದು ಕಳುಹಿಸಿದ್ದರು. ಮರುದಿನ ಪೇಪರಿನಲ್ಲಿ ಜನ ನೋಡಿದ್ದು ತಾವೇ ತೆಗೆದ ಚಿತ್ರವನ್ನು.

ನಡುವಿನ ಕೆಲವು ಸಾಹಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಉದಯವಾಣಿಯಲ್ಲಿದ್ದಾಗ ಈಶ್ವರ ದೈತೋಟರು ನಡೆಸಿದ 'ಕುಗ್ರಾಮ ಗುರುತಿಸಿ' ಯೋಜನೆಯಿಂದ ನಮ್ಮ ಕಡೆಯ ಹಳ್ಳಿಗಳಿಗೆ ವಿಚಿತ್ರ ಪೀಕಲಾಟ: ನಮ್ಮದು ಕುಗ್ರಾಮ ಎನ್ನಿಸಿಕೊಂಡರೆ ರಸ್ತೆ ಬಂದೀತು, ಆದರೆ ಹೆಣ್ಣು ಕೊಡುವವರು ಪೇಪರು ಓದುತ್ತಾರಲ್ಲ? 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ 'ಮುಂಗಾರು' ಹೊರಡಿಸಿದರು. ಓದುಗರಿಂದಲೇ ಶೇರು ಸಂಗ್ರಹಿಸಿ ಕಟ್ಟಿದ ಪತ್ರಿಕೆ. ನಮ್ಮ ಮಾಸ್ತರರುಗಳು ಸಂಬಳದಿಂದ ತೆಗೆದು ಕೊಟ್ಟಿದ್ದರು. ಅದು ನಿಂತಾಗ ಅವರು ಹಣ ಹೋಯಿತೆಂದು ಬೈದುಕೊಂಡದ್ದನ್ನು ನಾನು ಕೇಳಲಿಲ್ಲ, ಅಂಥ ಸಂಪಾದಕೀಯ ಇನ್ನು ಇಲ್ಲವಲ್ಲ ಎಂದದ್ದನ್ನು ಕೇಳಿದ್ದೇನೆ. ಡಾ. ಯು.ಪಿ. ಶಿವಾನಂದರ 'ಸುದ್ದಿ ಬಿಡುಗಡೆ' ಸುಳ್ಯ, ಪುತ್ತೂರಿನ ಜೊತೆಗೆ ಬೆಳ್ತಂಗಡಿಗೂ ತನ್ನದೇ ಪತ್ರಿಕೆ ಎಂಬುದನ್ನು ಕೊಟ್ಟಿತು. ಅದರಲ್ಲಿ ವಂದಿಸಿದವರ ಹೆಸರಿಗೆ ಯಾವತ್ತೂ ಜಾಗದ ಅಭಾವ ಆಗಲಿಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ'ಯಂತೂ ತೋಟದವರ ಕೈಗೇ ಪೆನ್ನು ಕೊಟ್ಟಿತು.

ಈಗ ನನ್ನ ತಕರಾರು. ಹಿಂದೆ ಜಿಲ್ಲೆಗೆಲ್ಲ ಒಂದೇ ಪುಟ. ಬೈಂದೂರಿನ ದೋಣಿ ಮಗುಚಿದ್ದು, ಸುಳ್ಯದ ಕಾಡಾನೆ, ಮೂಡುಬಿದಿರೆಯ ಶಾಲಾ ವಾರ್ಷಿಕೋತ್ಸವ, ಬಂಟ್ವಾಳದ ತೇರು ಒಂದರ ಮೈಮೇಲೆ ಒಂದು ಬಿದ್ದುಕೊಂಡು ಬರುತ್ತಿದ್ದವು. ಬೆಳ್ತಂಗಡಿಯಲ್ಲಿ ಕೂತ ನನ್ನ ಅತ್ತೆ ಮೂಡುಬಿದಿರೆಯ ಒಬ್ಬ ಹುಡುಗನ ಹೆಸರನ್ನು ಭಾಷಣ ಸ್ಪರ್ಧೆಯ ಬಹುಮಾನದ ಪಟ್ಟಿಯಲ್ಲಿ ನೋಡಿ, ಮತ್ತೆ ಡಿಗ್ರಿ ಪಾಸಾದದ್ದನ್ನು ನೋಡಿ, ಬ್ಯಾಂಕು ಸೇರಿದ ಅಭಿನಂದನೆಯನ್ನೂ ನೋಡಿ, ಕೊನೆಗೆ ಜಾತಕ ತರಿಸಿದರು. ಆ ಅಳಿಯ ಇವತ್ತಿಗೂ ತಾನು ಅಷ್ಟು ವರ್ಷ ಕಣ್ಗಾವಲಿನಲ್ಲಿದ್ದೆ ಎಂಬುದನ್ನು ಮರೆತಿಲ್ಲ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಕಾರ್ಕಳ ಆ ಕಡೆಗೆ, ಮೂಡುಬಿದಿರೆ ಈ ಕಡೆಗೆ. ಆಮೇಲೆ ಸ್ಥಳೀಯ ಪುರವಣಿಗಳು ದಪ್ಪವಾದವು. ಪ್ರತಿ ಊರಿಗೂ ಬಣ್ಣದ ಚಿತ್ರ, ಮುಕ್ಕಾಲು ಪುಟ. ಒಳ್ಳೆಯದೇ. ಆದರೆ ಆ ಪುರವಣಿ ಗಡಿ ದಾಟುವುದಿಲ್ಲ. ನಮ್ಮ ಸುದ್ದಿ ನಮಗೇ ಬರುತ್ತದೆ. ನಮಗೆ ಅದು ಮೊದಲೇ ಗೊತ್ತಿತ್ತು! ಪೇಪರಿನಲ್ಲಿ ಹೆಸರು ಬರುವುದರ ಖುಷಿ ಪಕ್ಕದ ಮನೆಯವರು ಓದುವುದರಲ್ಲಿ ಇರಲಿಲ್ಲ. ಕುಂದಾಪುರದಲ್ಲಿರುವ ಚಿಕ್ಕಮ್ಮ ಓದಿ ಒಂದು ಕಾರ್ಡು ಹಾಕುವುದರಲ್ಲಿತ್ತು.

ಈ ಹಳೆಯ ಪೇಪರುಗಳೆಲ್ಲ ಎಲ್ಲಿ ಹೋದವು ಎಂದರೆ, ಊರಿಗೆ ಗೊತ್ತಿದೆ. ಜೂನಿನಲ್ಲಿ ಮಕ್ಕಳ ಪುಸ್ತಕಕ್ಕೆ ಬೈಂಡ್ ಆದವು, ದಿನಸಿ ಅಂಗಡಿಯಲ್ಲಿ ಮೆಣಸಿನ ಪೊಟ್ಟಣವಾದವು, ಟ್ರಂಕಿನ ಅಡಿಗೆ ಹಾಸಿಗೆಯಾದವು. ಪೊಟ್ಟಣ ಬಿಚ್ಚಿ ಓದುವ ಚಟದವರಿಗೆ ಯಾವ ಕತೆಯೂ ಪೂರ್ತಿ ಸಿಕ್ಕಿದ್ದಿಲ್ಲ. ಉಳಿದದ್ದನ್ನು ಗೆದ್ದಲು, ನಮ್ಮ ಮಳೆಗಾಲ, ಮತ್ತು ಆ ಕಾಗದದೊಳಗಿನ ಆಮ್ಲ ಸೇರಿ ಮುಗಿಸಿದವು. ಮರದ ತಿರುಳಿನಿಂದ ಅಗ್ಗಕ್ಕೆ ಮಾಡಿದ ನ್ಯೂಸ್‌ಪ್ರಿಂಟು ಬಿಸಿಲು ಕಂಡರೆ ಹಳದಿ, ಮಡಿಸಿದರೆ ಪುಡಿ. ಇದೇ ಮೂಡುಬಿದಿರೆಯಲ್ಲಿ ಧವಲ, ಜಯಧವಲದ ತಾಳೆಗರಿಗಳು ಹನ್ನೆರಡನೆಯ ಶತಮಾನದ ಹೊತ್ತಿನವು, ಜೈನ ಬಸದಿಯಲ್ಲಿ ಇವತ್ತಿಗೂ ಉಳಿದುಕೊಂಡಿವೆ. ಎಂಟುನೂರು ವರ್ಷದ ಹಿಂದಿನ ಕರ್ಮಸಿದ್ಧಾಂತ ಊರಿನಲ್ಲಿ ಸಿಗುತ್ತದೆ, ನನ್ನ ಸೋದರಮಾವ ನಾಟಕದಲ್ಲಿ ಪಾತ್ರ ಮಾಡಿದ ವರ್ಷದ ಪೇಪರು ಸಿಗುವುದಿಲ್ಲ. ತಾಳೆಗರಿಗೆ ಎಣ್ಣೆ ಸವರುವವರಿದ್ದರು, ಪೇಪರಿನಲ್ಲಿ ಎಣ್ಣೆತಿಂಡಿ ಕಟ್ಟುವವರಿದ್ದರು.

ಉಳಿದದ್ದು ತುಂಡುಗಳು. ತುಂಡು ಕತ್ತರಿಸುವವರು ತಮಗೆ ಬೇಕಾದದ್ದನ್ನು ಮಾತ್ರ ಕತ್ತರಿಸುತ್ತಾರೆ, ತಾರೀಕು ಮೇಲೆಯೇ ಹೋಗುತ್ತದೆ, ಪತ್ರಿಕೆಯ ಹೆಸರೂ ಹೋಗುತ್ತದೆ. ಈಚೆಗೆ ಹೊಕ್ಕಾಡಿಗೋಳಿ ಸಮೀಪದ ಒಂದು ಮನೆಯಲ್ಲಿ ಊಟಕ್ಕೆ ಕೂತಾಗ ಯಜಮಾನರು ತಮ್ಮ ಕೋಣ ನೇಗಿಲು ಹಿರಿಯದಲ್ಲಿ ಗೆದ್ದ ಫಲಿತಾಂಶದ ತುಂಡನ್ನು ತೋರಿಸಿದರು. ಎರಡೂ ಬದಿ ಪ್ಲಾಸ್ಟಿಕ್ ಹಾಕಿ ಲ್ಯಾಮಿನೇಟ್ ಮಾಡಿಸಿದ್ದು. ಯಾವ ವರ್ಷದ್ದು ಎಂದು ಕೇಳಿದೆ. ಎಪ್ಪತ್ತೇಳು ಎಂದರು ಅವರು. ಅಲ್ಲ, ಎಪ್ಪತ್ತೊಂಬತ್ತು ಎಂದರು ತಮ್ಮ. ನನಗೆ ಪೇಪರಿನ ಅಕ್ಷರದ ಬಗೆ ನೋಡಿ ಹೇಳಲಾದೀತೇ ಎಂದು ಕೊಟ್ಟರು, ನನಗೆ ಆಗಲಿಲ್ಲ. ಮೀನಿನ ಪದಾರ್ಥ ಬಡಿಸುತ್ತಿದ್ದ ಅತ್ತಿಗೆ ಸೌಟು ಇಟ್ಟು, ಅದನ್ನು ತೆಗೆದುಕೊಂಡು ಹಿಂಬದಿ ತಿರುಗಿಸಿದರು. ಅಲ್ಲಿ ಅರ್ಧ ತುಂಡಾದ ಅಡಿಕೆ ಧಾರಣೆ ಇತ್ತು. ಹೊಸತರ ಸಾಲು ಪೂರ್ತಿ ಇತ್ತು, ಪಟೋರದ್ದು ಅರ್ಧ.

"ಎಪ್ಪತ್ತೇಳೂ ಅಲ್ಲ, ಎಪ್ಪತ್ತೊಂಬತ್ತೂ ಅಲ್ಲ" ಎಂದರು. "ಈ ರೇಟು ಇದ್ದದ್ದು ನಮ್ಮ ದೊಡ್ಡ ಮಗಳ ಮದುವೆಯ ವರ್ಷ. ಚಿನ್ನ ತೆಗೆಯಲಿಕ್ಕೆ ಅಟ್ಟದಲ್ಲಿದ್ದ ಹಳೆ ಅಡಿಕೆ ಇಳಿಸಿ ಮಾರಿದ್ದು ನಾನು. ನೀವು ಇಬ್ಬರೂ ಅವತ್ತು ಕೋಣದ ಹಿಂದೆ ಇದ್ದಿರಿ."